ರಾತ್ರಿಯ ಎತ್ತರ

ನಮ್ಮ ಊರಿನ ಬೆಟ್ಟ ಹಗಲು ಕೂತಿರುತ್ತದೆ, ರಾತ್ರಿ ಎದ್ದು ನಿಲ್ಲುತ್ತದೆ. ಇದರಲ್ಲಿ ನಮಗೆ ವಿಶೇಷವೇನೂ ಕಂಡಿಲ್ಲ. ನೀರಿನ ಟ್ಯಾಂಕು ಬೆಟ್ಟದ ಮೇಲಿರುವುದರಿಂದ ನಲ್ಲಿಯಲ್ಲಿ ಹಗಲು ನೀರು ತೊಟ್ಟಿಕ್ಕುತ್ತದೆ, ರಾತ್ರಿ ಕೊಡವನ್ನು ಕೈಯಿಂದ ಕಿತ್ತುಕೊಳ್ಳುವಷ್ಟು ರಭಸದಿಂದ ಬರುತ್ತದೆ. ಹಾಗಾಗಿ ಊರಿನ ಹೆಂಗಸರೆಲ್ಲ ರಾತ್ರಿ ಊಟವಾದ ಮೇಲೆ ನೀರು ಹಿಡಿಯುತ್ತೇವೆ. ಮೇಲಿನ ಕೇರಿಗೆ ಹೋಗುವ ಬಸ್ಸು ಹಗಲು ಅರ್ಧ ಗಂಟೆಯಲ್ಲಿ ತಲುಪುತ್ತದೆ, ರಾತ್ರಿ ಒಂದೂವರೆ ಗಂಟೆ ಏದುಸಿರು ಬಿಡುತ್ತ ಹತ್ತುತ್ತದೆ. ಇಳಿಜಾರಿನ ಮನೆಗಳವರು ಹೊತ್ತು ಮುಳುಗುವ ಮೊದಲೇ ಪಾತ್ರೆಗಳನ್ನು ಗೂಟಕ್ಕೆ ಕಟ್ಟಿ, ಕಾಲನ್ನು ಗೋಡೆಗೆ ಒತ್ತಿಕೊಂಡು ಮಲಗುತ್ತಾರೆ. ಬೆಳಿಗ್ಗೆ ಬೆಟ್ಟ ಕೂತಾಗ ಒಂದು ಸಣ್ಣ ಧೂಳೇಳುತ್ತದೆ. ಅದಕ್ಕೇ ನಮ್ಮಲ್ಲಿ ಕಸ ಗುಡಿಸುವುದು ಏಳು ಗಂಟೆಯ ಮೇಲೆ.

ತೊಂದರೆ ಇದ್ದದ್ದು ವಿಮಾನಗಳಿಗೆ. ಬೆಟ್ಟದ ಈಚೆಗಿನ ಶಹರದಲ್ಲಿ ರಾತ್ರಿ ಅಚ್ಚಾದ ದಿನಪತ್ರಿಕೆಗಳು ಬೆಳಗಾಗುವ ಮೊದಲು ಬೆಟ್ಟದ ಆಚೆಗಿನ ಊರುಗಳನ್ನು ತಲುಪಬೇಕಿತ್ತು. ಅದಕ್ಕಾಗಿ ಒಬ್ಬರೇ ಚಾಲಕರಿರುವ ಪುಟ್ಟ ವಿಮಾನವೊಂದು ದಿನಾ ನಡುರಾತ್ರಿಯ ಮೇಲೆ ನಮ್ಮ ತಲೆಯ ಮೇಲಿಂದ ಹೋಗುತ್ತಿತ್ತು. ಅವರ ನಕ್ಷೆಯಲ್ಲಿ ಬೆಟ್ಟದ ಎತ್ತರ ನಾಲ್ಕು ಸಾವಿರದ ನೂರು ಅಡಿ. ಅದು ಹಗಲಿನ ಲೆಕ್ಕ. ಆಕಾಶ ತಿಳಿಯಾಗಿದ್ದ ರಾತ್ರಿ ಚಾಲಕರು ಎದುರಿಗೆ ನಿಂತದ್ದನ್ನು ಕಂಡು, ತಮ್ಮ ಕಣ್ಣನ್ನೇ ಅನುಮಾನಿಸುತ್ತ ಸುತ್ತು ಹಾಕಿ ಹೋಗುತ್ತಿದ್ದರು. ಮೋಡವಿದ್ದ ರಾತ್ರಿ ನಕ್ಷೆಯನ್ನು ನಂಬುತ್ತಿದ್ದರು. ಇಪ್ಪತ್ತೆರಡು ವರ್ಷಗಳಲ್ಲಿ ಆರು ವಿಮಾನಗಳು ಹೀಗೆ ನಕ್ಷೆಯನ್ನು ನಂಬಿ ಬಿದ್ದವು, ಆರು ಜನ ಸತ್ತರು.

ನಮ್ಮ ಊರು ನಿರ್ದಯಿ ಊರಲ್ಲ. ವಿಮಾನ ಬಿದ್ದ ಸದ್ದಾದರೆ ಲಾಟೀನು ಹಿಡಿದು ಎಲ್ಲರೂ ಓಡುತ್ತಿದ್ದೆವು. ಹೆಣವನ್ನು ಮರ್ಯಾದೆಯಿಂದ ಇಳಿಸಿ ತರುತ್ತಿದ್ದೆವು, ಹೂ ಹಾಕುತ್ತಿದ್ದೆವು. ಎರಡನೇ ಸಲ ಹತ್ತುವಾಗ ಮಾತ್ರ ಚೀಲ ಒಯ್ಯುತ್ತಿದ್ದೆವು. ವಿಮಾನದ ತಗಡು ಕುರಿ ದೊಡ್ಡಿಯ ಮಾಡಿಗೆ ಒಳ್ಳೆಯದು, ತುಕ್ಕು ಹಿಡಿಯುವುದಿಲ್ಲ. ಗುರುಪಾದಣ್ಣನ ಹೋಟೆಲಿನಲ್ಲಿ ಕಿಟಕಿ ಪಕ್ಕದ ಎರಡು ಕುರ್ಚಿಗಳಿಗೆ ಈಗಲೂ ಸೊಂಟದ ಪಟ್ಟಿಯಿದೆ. ಇನ್ನು ಪತ್ರಿಕೆಗಳು. ಊರಲ್ಲಿ ಯಾರೂ ದುಡ್ಡು ಕೊಟ್ಟು ಪತ್ರಿಕೆ ಕೊಂಡವರಲ್ಲ. ವಿಮಾನ ಬಿದ್ದಾಗ ಒಂದೇ ದಿನದ ಪತ್ರಿಕೆ ಮೂರು ಸಾವಿರ ಪ್ರತಿ ಸಿಗುತ್ತಿತ್ತು. ಮುಂದಿನ ವಿಮಾನ ಬೀಳುವವರೆಗೆ ಅದೇ ದಿನದ ಸುದ್ದಿಯನ್ನು ಚರ್ಚಿಸುತ್ತಿದ್ದೆವು.

ಇಷ್ಟು ಹೇಳಿದ ಮೇಲೆ ನನ್ನ ವಿಷಯವನ್ನೂ ಹೇಳಬೇಕು. ನನ್ನ ಹೆಸರು ವನಜಾಕ್ಷಿ, ತಾಲ್ಲೂಕು ಕಚೇರಿಯ ಟೈಪಿಸ್ಟ್. ಆರೂ ವಿಮಾನಗಳ ತನಿಖಾ ವರದಿಯನ್ನು ಟೈಪ್ ಮಾಡಿದವಳು ನಾನೇ. ತನಿಖೆಗೆ ಬರುತ್ತಿದ್ದವರು ಅಶ್ವತ್ಥರಾಮಯ್ಯನವರು. ಮೊದಲನೇ ಸಲ ಕಪ್ಪು ಕೂದಲಲ್ಲಿ ಬಂದರು, ಆರನೇ ಸಲ ಕೂದಲಿಲ್ಲದೆ ಬಂದರು. ಪ್ರತಿ ಸಲವೂ ಬೆಳಿಗ್ಗೆ ಹತ್ತಕ್ಕೆ ಬಂದು, ಬೆಟ್ಟವನ್ನು ಅಳೆಸಿ, ನಾಲ್ಕು ಸಾವಿರದ ನೂರು ಎಂದು ಬರೆಸಿಕೊಂಡು, ಐದು ಗಂಟೆಗೆ ಜೀಪು ಹತ್ತುತ್ತಿದ್ದರು. ಅಳತೆಯನ್ನು ಸೂರ್ಯೋದಯ ಮತ್ತು ಸೂರ್ಯಾಸ್ತದ ನಡುವೆ ಮಾಡತಕ್ಕದ್ದು ಎಂಬ ನಿಯಮವಿತ್ತು. ಬೆಟ್ಟ ಸರಿಯಾಗಿದೆ, ನಕ್ಷೆ ಸರಿಯಾಗಿದೆ ಎಂದಾದ ಮೇಲೆ ತಪ್ಪಿಗೆ ಉಳಿದವನು ಚಾಲಕ ಒಬ್ಬನೇ. ವರದಿ ಹದಿನಾಲ್ಕು ಪುಟ. ಹದಿಮೂರು ಪುಟ ಹಳೆಯದನ್ನೇ ನೋಡಿ ಹೊಡೆಯುತ್ತಿದ್ದೆ. ಕೊನೆಯ ಪುಟದಲ್ಲಿ ಚಾಲಕನ ತಪ್ಪಿಗೆ ಕಾರಣ ಬೇಕಾಗುತ್ತಿತ್ತು. ಒಬ್ಬನಿಗೆ ನಿದ್ದೆ, ಒಬ್ಬನಿಗೆ ಕನ್ನಡಕ, ಒಬ್ಬನಿಗೆ ಮನೆಯಲ್ಲಿ ಜಗಳ. ಸತ್ತವರು ಯಾರೂ ತಕರಾರು ಮಾಡಲಿಲ್ಲ.

ಏಳನೆಯ ವಿಮಾನ ಬಿದ್ದದ್ದು ಕಾರ್ತಿಕದ ಒಂದು ಮೋಡದ ರಾತ್ರಿ. ಬೆಟ್ಟದ ಭುಜದಲ್ಲಿ ಕುರಿ ಸಾಕಿಕೊಂಡಿರುವ ಸಿದ್ದಾಜಮ್ಮ ಮೊದಲು ತಲುಪಿದಳು. ನಾವು ಚಾಪೆ, ಹೂವು ಹಿಡಿದು ಅರ್ಧ ದಾರಿಗೆ ಬರುವಷ್ಟರಲ್ಲಿ ಅವಳು ಮೇಲಿಂದಲೇ ಕೂಗಿದಳು.

"ಹೂವ ಬಿಸಾಕ್ರೋ! ಜೀವ ಅದೆ ಇದ್ಕೆ! ಮಾತಾಡ್ತಾ ಅದೆ!"

ಜೀವವಿದ್ದದ್ದು ರೆಜಿನಾ ಸಲ್ಡಾನ ಎಂಬ ಮೂವತ್ತು ದಾಟದ ಹುಡುಗಿ. ಕರಾವಳಿಯ ಕಡೆಯವಳು. ಬಲಗಾಲು ಮುರಿದಿತ್ತು, ಹಣೆ ಸೀಳಿತ್ತು, ಬಾಯಿ ಮಾತ್ರ ಸರಿಯಾಗಿತ್ತು. ಚಾಪೆಯಲ್ಲಿ ಹೊತ್ತು ತರುವಾಗ ಉದ್ದಕ್ಕೂ ಒಂದೇ ಮಾತು, "ನಾನು ಐದು ಸಾವಿರದಲ್ಲೇ ಇದ್ದೆ, ನಾನು ಐದು ಸಾವಿರದಲ್ಲೇ ಇದ್ದೆ."

ಬಿದ್ದವರನ್ನು ನೋಡಿಕೊಳ್ಳಲು ಊರಿನಲ್ಲಿ ಸರದಿಯಿತ್ತು. ಬದುಕಿದವರು ಯಾರೂ ಇರದಿದ್ದರಿಂದ ಅದು ಒಂದು ರಾತ್ರಿಯ ಹೊಣೆಯಷ್ಟೇ ಆಗಿತ್ತು. ಈ ಸಲದ ಸರದಿ ನನ್ನದು. ನಾನು ಒಂಟಿ ಹೆಂಗಸು, ಒಂದು ಕೋಣೆ ಹೆಚ್ಚಿಗೆ ಇತ್ತು. ಡಾಕ್ಟರು ಕಾಲಿಗೆ ಪಟ್ಟಿ ಕಟ್ಟಿ, ಮೂರು ವಾರ ಅಲುಗಾಡಕೂಡದು ಎಂದು ಹೇಳಿಹೋದರು.

ನಾಲ್ಕನೇ ದಿನ ಗಂಜಿ ಕುಡಿಯುತ್ತ ರೆಜಿನಾ ಕೇಳಿದಳು, "ಅಕ್ಕ, ಈ ಬೆಟ್ಟದ ಎತ್ತರ ಎಷ್ಟು?"

"ಯಾವಾಗಿಂದು?" ಎಂದೆ. ಬಾಯಿತಪ್ಪಿ ಅಂದದ್ದಲ್ಲ, ನಮ್ಮೂರಲ್ಲಿ ಯಾರನ್ನು ಕೇಳಿದರೂ ಹಾಗೇ ಅನ್ನುತ್ತಾರೆ.

ಅವಳು ಲೋಟ ಕೆಳಗಿಟ್ಟಳು. "ಯಾವಾಗಿಂದು ಅಂದ್ರೆ ಎಂತ?"

ನಾನು ಹೇಳಿದೆ. ಅವಳು ನಗಲಿಲ್ಲ, ನಂಬದೆಯೂ ಇರಲಿಲ್ಲ. ಬೆಟ್ಟಕ್ಕೆ ಬಡಿದವಳಲ್ಲವೇ.

"ಊರಿಗೆಲ್ಲ ಗೊತ್ತುಂಟಾ?"

"ಗೊತ್ತು."

"ಮತ್ತೆ ಯಾರೂ ಹೇಳ್ಲಿಲ್ವಾ?"

"ನಮ್ಮನ್ನ ಯಾರೂ ಕೇಳ್ಲಿಲ್ಲ."

ಹೇಳುವಾಗ ಅದು ಒಳ್ಳೆಯ ಉತ್ತರವೆಂದೇ ನನಗನ್ನಿಸಿತ್ತು. ಇಪ್ಪತ್ತೆರಡು ವರ್ಷ ಊರೆಲ್ಲ ಕೊಟ್ಟುಕೊಂಡ ಉತ್ತರ ಅದು. ರೆಜಿನಾ ಬೈಯಲಿಲ್ಲ. "ನನ್ನ ಮೊದಲು ಆರು ಜನ" ಎಂದಷ್ಟೇ ಹೇಳಿ ಮಗ್ಗುಲಾದಳು. ಆ ರಾತ್ರಿ ಅವಳಿಗೆ ಊಟ ಸೇರಲಿಲ್ಲ. ನನಗೂ ಸೇರಲಿಲ್ಲ. ವರದಿಗಳನ್ನು ಟೈಪ್ ಮಾಡಿದವಳು ನಾನು ಎಂಬುದನ್ನು ಹೇಳಲು ಇನ್ನೂ ಎರಡು ದಿನ ಬೇಕಾಯಿತು. ಹೇಳಿದಾಗ ಅವಳು, "ಹಾಗಾದ್ರೆ ನನ್ನದು ಯಾವಾಗ ಟೈಪ್ ಮಾಡ್ತೀರಿ?" ಎಂದಳು.

"ಬರೋ ತಿಂಗಳು ಎಂಟನೇ ತಾರೀಖು. ಲೈಸೆನ್ಸ್ ರದ್ದು ಮಾಡ್ತಾರೆ."

"ನನಗೆ ಹಾರೋದು ಬಿಟ್ಟು ಬೇರೆ ಎಂತದೂ ಬರೂದಿಲ್ಲ ಅಕ್ಕ."

ಗುರುಪಾದಣ್ಣನ ಹೋಟೆಲಿನ ಗೋಡೆಯಲ್ಲಿ ಗಡಿಯಾರದಂಥದೊಂದು ತೂಗುಹಾಕಿತ್ತು. ಎರಡನೇ ವಿಮಾನದ್ದು. ಅದು ಎತ್ತರ ತೋರಿಸುವ ಯಂತ್ರವೆಂದು ರೆಜಿನಾಗೆ ನಾನು ವರ್ಣಿಸಿದ ಕೂಡಲೇ ಗೊತ್ತಾಯಿತು. ಕಾಫಿ ಕುಡಿಯುವವರು ಅದರಲ್ಲಿ ಟೈಮು ನೋಡಿ ನೋಡಿ ಮೋಸಹೋಗಿದ್ದರು. ಗುರುಪಾದಣ್ಣ ಕೊಡಲು ಕೊಸರಾಡಿದ. "ಗೋಡೆ ಬೋಳಾಗ್ತದಲ್ಲಮ್ಮ" ಎಂದ. ಆಮೇಲೆ ಎರಡು ದಿನದ ಮಟ್ಟಿಗೆ ಕೊಟ್ಟ. ರೆಜಿನಾ ಅದರ ಗುಂಡಿ ತಿರುಗಿಸಿ ಊರಿನ ಎತ್ತರಕ್ಕೆ ಸರಿಮಾಡಿ ನನ್ನ ಕೈಗಿಟ್ಟಳು.

ನಾನು ಐವತ್ತೊಂದರ ಹೆಂಗಸು, ಮಂಡಿನೋವು ಬೇರೆ. ಆದರೂ ಸಿದ್ದಾಜಮ್ಮನ ಜೊತೆ ಮಧ್ಯಾಹ್ನ ಹೊರಟು ಸಂಜೆಗೆ ತುದಿ ಸೇರಿದೆ. ಮುಳ್ಳು ನಾಲ್ಕು ಸಾವಿರದ ನೂರು ತೋರಿಸುತ್ತಿತ್ತು. ಅಶ್ವತ್ಥರಾಮಯ್ಯನವರ ಮಾತು ಅಷ್ಟರಮಟ್ಟಿಗೆ ನಿಜವೇ. ಸಿದ್ದಾಜಮ್ಮ ನನ್ನ ಸೊಂಟಕ್ಕೆ ಹಗ್ಗ ಬಿಗಿದು ಬಂಡೆಗೆ ಕಟ್ಟಿದಳು. "ಮೊದಲ ಸಲ ವಾಂತಿ ಬತ್ತದೆ, ಎದ್ರುಕೋಬ್ಯಾಡ" ಎಂದಳು. ಹೊತ್ತು ಮುಳುಗಿತು. ಮೊದಲು ಕೆಳಗೆಲ್ಲೋ ಮಂಡಿ ಲಟಕ್ಕೆಂದ ಹಾಗೆ ಒಂದು ಸದ್ದು. ಆಮೇಲೆ ಊರಿನ ದೀಪಗಳು ನಿಧಾನವಾಗಿ ಕೆಳಕ್ಕಿಳಿದವು. ಕಿವಿ ಮುಚ್ಚಿಕೊಂಡವು, ಗಾಳಿ ತಣ್ಣಗಾಯಿತು, ಹೊಟ್ಟೆಯಲ್ಲಿದ್ದ ಅವಲಕ್ಕಿ ಸಿದ್ದಾಜಮ್ಮ ಹೇಳಿದ ಹಾಗೇ ಹೊರಬಂತು. ಟಾರ್ಚು ಬಿಟ್ಟು ನೋಡಿದರೆ ಮುಳ್ಳು ಐದು ಸಾವಿರದ ಆರುನೂರರಲ್ಲಿತ್ತು. ನಡುರಾತ್ರಿಯ ಮೇಲೆ ಆ ದಿನದ ವಿಮಾನ ಬಂತು. ಆಕಾಶ ತಿಳಿಯಾಗಿತ್ತು. ಅದು ನಮಗಿಂತ ಕೆಳಗೆ, ನನ್ನ ಕಾಲಿನ ಕೆಳಗೆ, ಕೆಂಪು ದೀಪ ಮಿನುಗಿಸುತ್ತ ಬೆಟ್ಟವನ್ನು ಬಳಸಿಕೊಂಡು ಹೋಯಿತು. ಅದರೊಳಗೆ ಒಬ್ಬ ಮನುಷ್ಯ ಕೂತಿದ್ದಾನೆ ಎಂದು ನಾನು ಯೋಚಿಸಿದ್ದು ಅದೇ ಮೊದಲು.

ಎಂಟನೇ ತಾರೀಖು ಅಶ್ವತ್ಥರಾಮಯ್ಯನವರು ಬಂದರು. ಆರೋಪಿ ಬದುಕಿರುವುದು ಅವರಿಗೆ ಮುಜುಗರವಾಗಿತ್ತು. ಮೊದಲು ಸಿದ್ದಾಜಮ್ಮನ ಸಾಕ್ಷಿ.

"ಏನಮ್ಮ, ಆ ರಾತ್ರಿ ಏನು ನೋಡಿದೆ?"

"ಬೆಟ್ಟ ನಿಂತಿತ್ತು ಸೋಮಿ. ಇಮಾನ ಬಂತು, ಬಡೀತು."

"ಬೆಟ್ಟ ನಿಂತಿತ್ತು ಅಂದ್ರೆ?"

"ಕೂತಿರ್ಲಿಲ್ಲ."

ಅಶ್ವತ್ಥರಾಮಯ್ಯನವರು ನನ್ನ ಕಡೆ ತಿರುಗಿ, "ಸಾಕ್ಷಿಗೆ ವಯಸ್ಸಾಗಿದೆ ಅಂತ ಹಾಕಿ" ಎಂದರು. ಆಮೇಲೆ ಊರುಗೋಲಿನ ಮೇಲೆ ರೆಜಿನಾ ಬಂದಳು. ಒಡೆದುಹೋಗಿ ಮುಳ್ಳು ಐದು ಸಾವಿರದಲ್ಲೇ ಸಿಕ್ಕಿಕೊಂಡಿದ್ದ ತನ್ನ ವಿಮಾನದ ಎತ್ತರದ ಯಂತ್ರವನ್ನು ಮೇಜಿನ ಮೇಲಿಟ್ಟಳು.

"ಬೆಟ್ಟ ಇರೋದು ನಾಲ್ಕು ಸಾವಿರದ ನೂರು. ನೀವು ಇದ್ದದ್ದು ಐದು ಸಾವಿರ ಅಂತೀರಿ," ಎಂದರು ಅಶ್ವತ್ಥರಾಮಯ್ಯನವರು. "ಹಾಗಾದ್ರೆ ನಕ್ಷೆ ಪ್ರಕಾರ ನೀವು ಬೆಟ್ಟಕ್ಕೆ ಬಡಿದೇ ಇಲ್ಲ."

"ಮತ್ತೆ ಎಂತಕ್ಕೆ ಬಡಿದೆ ಸರ್?"

"ಅದನ್ನ ನೀವು ಹೇಳ್ಬೇಕು."

"ಒಂದು ರಾತ್ರಿ ಇಲ್ಲೇ ಉಳೀರಿ ಸರ್. ಒಂದೇ ರಾತ್ರಿ. ಕಿಟಕಿ ತೆಗೆದು ನೋಡಿದ್ರೆ ಸಾಕು."

"ರಾತ್ರಿ ಉಳಿಯೋಕೆ ನನಗೆ ಆದೇಶ ಇಲ್ಲಮ್ಮ."

ನಾನು ಎದ್ದು ನಿಂತೆ. ಕಚೇರಿಯಲ್ಲಿ ಅದುವರೆಗೆ ಯಾವ ಟೈಪಿಸ್ಟೂ ಎದ್ದು ನಿಂತದ್ದಿಲ್ಲ. "ಸಾರ್, ನಾನೇ ಹತ್ತಿ ಅಳೆದಿದ್ದೀನಿ. ಐದು ಸಾವಿರದ ಆರುನೂರು" ಎಂದೆ. ಅಶ್ವತ್ಥರಾಮಯ್ಯನವರು ನನ್ನನ್ನು ನೋಡಲಿಲ್ಲ, ಕಿಟಕಿಯಾಚೆಯ ಬಿಸಿಲನ್ನು ನೋಡಿದರು, ಕೈಗಡಿಯಾರವನ್ನು ನೋಡಿದರು. ಆಗ ನನಗೆ ಹೊಳೆಯಿತು. ಈ ಮನುಷ್ಯನಿಗೂ ಗೊತ್ತಿದೆ. ಗೊತ್ತಿದ್ದೇ ಇಪ್ಪತ್ತೆರಡು ವರ್ಷದಿಂದ ಐದಕ್ಕೆ ಜೀಪು ಹತ್ತುತ್ತಿದ್ದಾರೆ. "ಕೂತ್ಕೊಳ್ಳಿ ವನಜಾಕ್ಷಮ್ಮ. ಹಳೇದನ್ನೇ ಹೊಡೀರಿ. ಕಾರಣಕ್ಕೆ ಹೆಂಗಸು, ರಾತ್ರಿ ಹೊತ್ತು, ಭಯ ಅಂತ ಹಾಕಿ" ಎಂದು ಉಪ್ಪಿಟ್ಟಿನ ತಟ್ಟೆ ಎಳೆದುಕೊಂಡರು.

ನಾನು ಕೂತು ಹೊಡೆದೆ. ಮೊದಲ ಹನ್ನೆರಡು ಪುಟ ಹಳೆಯದೇ. ಹದಿಮೂರನೇ ಪುಟದಲ್ಲಿ, ತನಿಖಾಧಿಕಾರಿಯಾದ ನಾನು ಖುದ್ದಾಗಿ ರಾತ್ರಿ ವೇಳೆ ಬೆಟ್ಟದ ತುದಿಯಲ್ಲಿದ್ದು ಅಳತೆ ಮಾಡಲಾಗಿ ಎತ್ತರವು ಐದು ಸಾವಿರದ ಆರುನೂರು ಅಡಿ ಕಂಡುಬಂದಿರುತ್ತದೆ ಎಂದು ಹೊಡೆದೆ. ಹದಿನಾಲ್ಕರಲ್ಲಿ, ಚಾಲಕರದು ಯಾವ ತಪ್ಪೂ ಇರುವುದಿಲ್ಲ, ತಪ್ಪು ನಕ್ಷೆಯದು ಎಂದು ಹೊಡೆದೆ. ಎರಡು ಅಕ್ಷರ ತಪ್ಪಿದವು, ಬಿಳಿ ಹಚ್ಚಿ ತಿದ್ದಿದೆ. ನಾಲ್ಕೂಮುಕ್ಕಾಲಿಗೆ ಕಾಗದಗಳನ್ನು ಮುಂದಿಟ್ಟೆ. ಅವರು ಎಡಗೈಯಲ್ಲಿ ಕಾಫಿ ಹಿಡಿದು ಹದಿನಾಲ್ಕು ಪುಟಕ್ಕೂ ಸಹಿ ಹಾಕಿದರು. ಐದಕ್ಕೆ ಜೀಪು ಹೊರಟಿತು.

ಎರಡು ತಿಂಗಳ ನಂತರ ಅವರು ಕರೆಯದೆಯೇ ಬಂದರು. ನನ್ನ ಮೇಜಿನ ಮುಂದೆ ನಿಂತು ಮೇಲಿನ ಕಚೇರಿಯ ಪತ್ರವನ್ನು ಅಲುಗಾಡಿಸಿದರು.

"ಏನ್ರೀ ಇದು?"

"ನಿಮ್ಮ ವರದಿ ಸಾರ್. ನಿಮ್ಮ ಸಹಿ."

"ನಾನು ಇದನ್ನ ಓದ್ಲೇ ಇಲ್ಲ!"

"ಹಾಗಂತ ಬರೆದುಕೊಡ್ತೀರಾ ಸಾರ್? ಈಗ್ಲೇ ಟೈಪ್ ಮಾಡ್ತೀನಿ. ಓದದೆ ಸಹಿ ಹಾಕಿದೆ ಅಂತ."

ಅವರು ಕುರ್ಚಿ ಎಳೆದು ಕೂತರು, ಕರ್ಚೀಫಿನಿಂದ ತಲೆ ಒರೆಸಿಕೊಂಡರು. ಕೊನೆಗೆ ದನಿ ತಗ್ಗಿಸಿ ಕೇಳಿದರು, "ಮೇಲೆ ಚಳಿ ಇರುತ್ತಾ? ಯಾರಾದ್ರೂ ಕೇಳಿದ್ರೆ ಹೇಳ್ಬೇಕಲ್ಲ."

"ಇರುತ್ತೆ ಸಾರ್. ಮೊದಲ ಸಲ ವಾಂತಿನೂ ಆಗುತ್ತೆ." ಅವರು ಅದನ್ನು ಪುಟ್ಟ ಡೈರಿಯಲ್ಲಿ ಬರೆದುಕೊಂಡರು.

ಅಶ್ವತ್ಥರಾಮಯ್ಯನವರು ಈಗ ರಾತ್ರಿ ಎತ್ತರಗಳ ವಿಶೇಷ ಸಲಹೆಗಾರರು. ಪ್ರಾಣದ ಹಂಗು ತೊರೆದು ಬೆಟ್ಟದ ಮೇಲೆ ರಾತ್ರಿ ಕಳೆದ ಬಗ್ಗೆ ಊರೂರಲ್ಲಿ ಭಾಷಣ ಮಾಡುತ್ತಾರೆ, ವಾಂತಿಯ ಭಾಗಕ್ಕೆ ಚಪ್ಪಾಳೆ ಬೀಳುತ್ತದಂತೆ. ನಕ್ಷೆಯಲ್ಲಿ ಈಗ ಎರಡು ಎತ್ತರ ಅಚ್ಚಾಗಿದೆ. ರೆಜಿನಾಗೆ ಲೈಸೆನ್ಸ್ ಉಳಿಯಿತು. ಅದರ ಜೊತೆಗೆ, ಸದರಿ ಬೆಟ್ಟವು ಅನುಮತಿ ಪಡೆಯದೆ ರಾತ್ರಿ ವೇಳೆ ನಿಲ್ಲುತ್ತಿರುವ ಬಗ್ಗೆ ಕ್ರಮ ಕೈಗೊಳ್ಳತಕ್ಕದ್ದು ಎಂದು ನಮ್ಮ ತಹಶೀಲ್ದಾರರಿಗೂ ಒಂದು ಆದೇಶ ಬಂತು. ಅವರು ಬೆಟ್ಟದ ಬಂಡೆಯೊಂದಕ್ಕೆ ನೋಟೀಸು ಅಂಟಿಸಿದರು. ರಾತ್ರಿ ಅದು ಬೆಟ್ಟದ ಜೊತೆಗೇ ಮೇಲಕ್ಕೆ ಹೋಯಿತು.

ವಿಮಾನಗಳು ಬೀಳುವುದು ನಿಂತಿತು. ಊರಿಗೆ ಇದು ಅಷ್ಟು ಹಿಡಿಸಲಿಲ್ಲ. ಗುರುಪಾದಣ್ಣ ಒಂದು ದಿನ ಲೋಟ ಕುಕ್ಕಿ, "ಏನ್ ವನಜಾಕ್ಷಮ್ಮ, ಒಂದು ವರ್ಷ ಆಯ್ತು, ಒಂದು ಪೇಪರ್ ಬಿದ್ದಿಲ್ಲ. ಪ್ರಪಂಚದಲ್ಲಿ ಏನಾಗ್ತಿದೆ ಅಂತ್ಲೇ ಗೊತ್ತಾಗ್ತಿಲ್ಲ" ಎಂದ. ಕುರಿ ದೊಡ್ಡಿಗೆ ತಗಡು ಬೇಕಿದ್ದ ಇಬ್ಬರು ನನ್ನ ಜೊತೆ ಮಾತು ಬಿಟ್ಟರು.

ಹಳೆಯ ಆರು ಕಡತಗಳನ್ನು ತೆರೆಯಬೇಕೆಂದು ನಾನು ಅರ್ಜಿ ಕೊಟ್ಟೆ. ಮುಗಿದ ಕಡತ ತೆರೆಯಲು ಬರುವುದಿಲ್ಲ ಎಂದು ಉತ್ತರ ಬಂತು. ಆಗ ಕಡತದಲ್ಲಿದ್ದ ವಿಳಾಸಗಳಿಗೆ ನಾನೇ ಆರು ಪತ್ರ ಬರೆದೆ, ಟೈಪ್ ಮಾಡದೆ, ಕೈಯಲ್ಲಿ. ಮೂರು ವಿಳಾಸ ಸಿಗದೆ ವಾಪಸ್ಸು ಬಂದವು. ಎರಡಕ್ಕೆ ಉತ್ತರವಿಲ್ಲ. ಇನ್ನೊಂದರ ಉತ್ತರವಾಗಿ ಒಬ್ಬ ಹೆಂಗಸೇ ಬಸ್ಸಿನಿಂದಿಳಿದು ಮನೆ ಹುಡುಕಿಕೊಂಡು ಬಂದರು. ನನ್ನದೇ ವಯಸ್ಸು. "ನಾನು ಕುಮುದಿನಿ. ದಯಾನಂದ್ ಅವರ ಹೆಂಡತಿ" ಎಂದರು. ಹನ್ನೊಂದು ವರ್ಷದ ಹಿಂದೆ ಬಿದ್ದ ಮೂರನೇ ವಿಮಾನದ ಚಾಲಕ.

ಕಾಫಿ ಬೇಡವೆಂದರು. ಜಗಲಿಯಲ್ಲಿ ಬೆಟ್ಟದ ಕಡೆ ಮುಖ ಮಾಡಿ ಕೂತರು, ನಾನೂ ಕೂತೆ. ಹೊತ್ತು ಮುಳುಗಿತು. ಬೆಟ್ಟ ಎದ್ದಿತು. ಕುಮುದಿನಿ ಸೆರಗನ್ನು ಬಾಯಿಗೆ ಒತ್ತಿಕೊಂಡು, ಕತ್ತು ಮೇಲೆತ್ತಿ, ನಕ್ಷತ್ರಗಳು ಒಂದೊಂದಾಗಿ ಮರೆಯಾಗುವುದನ್ನು ಕೊನೆಯವರೆಗೂ ನೋಡಿದರು.

"ಇಷ್ಟು ದೊಡ್ಡದು," ಎಂದರು. "ಇದು ನಿಮ್ಮ ಯಾರ ಕಣ್ಣಿಗೂ ಬಿದ್ದಿರಲಿಲ್ವಾ?"

"ಬಿದ್ದಿತ್ತು."

"ಅವರು ಕುಡಿದಿದ್ರು ಅಂತ ಬರೆದಿತ್ತು. ಜೀವನದಲ್ಲಿ ಒಂದು ದಿನ ಮುಟ್ಟಿದವರಲ್ಲ. ಕಂಪನಿಯವರು ಅದನ್ನೇ ಹಿಡ್ಕೊಂಡ್ರು, ನೆಂಟರು ಅದನ್ನೇ ಆಡ್ಕೊಂಡ್ರು. ಆಮೇಲಾಮೇಲೆ ನನಗೇ ಅನುಮಾನ ಬಂತು. ಯಾವಾಗ್ಲಾದ್ರೂ ನನಗೆ ಗೊತ್ತಿಲ್ದೆ ಕುಡೀತಿದ್ರೇನೋ ಅಂತ."

ಆ ಮಾತು ಹೇಗೆ ಬಂತೆಂದು ನನಗೆ ಚೆನ್ನಾಗಿ ನೆನಪಿತ್ತು. ಈ ಸಲ ಏನು ಹಾಕೋಣ ಎಂದು ಅಶ್ವತ್ಥರಾಮಯ್ಯನವರು ಕೇಳಿದ್ದರು. ಹೋದ ಸಲ ನಿದ್ದೆ ಹಾಕಿದ್ದೇವೆ ಸಾರ್, ಕುಡಿತ ಇನ್ನೂ ಹಾಕಿಲ್ಲ ಎಂದು ನೆನಪಿಸಿದವಳು ನಾನು. ಪತ್ರದಲ್ಲಿ ಇದನ್ನು ಬರೆದಿರಲಿಲ್ಲ. ಈಗ ಬೆಟ್ಟ ನೋಡುತ್ತ ಹೇಳಿಬಿಟ್ಟೆ.

ಕುಮುದಿನಿ ಎದ್ದು ಹೋಗುತ್ತಾರೆ ಎಂದುಕೊಂಡೆ. ಹೊಡೆದರೂ ಹೊಡೆಯಲಿ ಎಂದುಕೊಂಡೆ. ಅವರು ಚೀಲದಿಂದ ಫೋನು ತೆಗೆದು ಯಾವುದೋ ನಂಬರು ಒತ್ತಿದರು.

"ನನ್ನ ಮಗಳು, ತನುಜಾ. ಆಗ ಎಂಟು ವರ್ಷ, ಈಗ ಹತ್ತೊಂಬತ್ತು. ಮನೆಯಲ್ಲಿ ಅಪ್ಪನ ಫೋಟೋ ಇಡಕ್ಕೆ ಬಿಡಲ್ಲ. ನಾನು ಹೇಳಿದ್ರೆ ಸಮಾಧಾನಕ್ಕೆ ಹೇಳ್ತೀನಿ ಅಂತಾಳೆ. ನೀವೇ ಹೇಳಿ. ಎಲ್ಲಾ ಹೇಳಿ."

ಫೋನನ್ನು ನನ್ನ ಕೈಗೆ ಕೊಟ್ಟರು. ಆ ಕಡೆ ರಿಂಗಾಗುತ್ತಿತ್ತು. ಬೇರೆ ಯಾರಾದರೂ ಈ ಕೆಲಸ ಮಾಡಬಾರದೇ ಎಂದು ಆಚೀಚೆ ನೋಡಿದೆ. ಜಗಲಿಯಲ್ಲಿ ನಾವಿಬ್ಬರೇ ಇದ್ದೆವು.

"ಹಲೋ? ಯಾರು ಮಾತಾಡೋದು?" ಎಂದಿತು ಎಳೆಯ ದನಿ.

"ನನ್ನ ಹೆಸರು ವನಜಾಕ್ಷಿ, ಮಗು," ಎಂದೆ. "ನಿಮ್ಮಪ್ಪ ಕುಡಿದಿರಲಿಲ್ಲ. ಕುಡಿದಿದ್ರು ಅಂತ ಬರೆದವಳು ನಾನು."